ಬಿಸಿಲಿಗೆ ತಕ್ಕ ಗುರಿ: ಗೋವಾದ ಟ್ರಯಥ್ಲಾನ್‌ಗೆ ಹೊರಡುವ ಮುನ್ನ

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಪೂರೈಸುವ ಸ್ಪರ್ಧೆಯೇ ಟ್ರಯಥ್ಲಾನ್. ಕೊಲ್ಲಾಪುರದವರಿಗೆ ಇದು ಹೊಸ ಮಾತಲ್ಲ. ಬರ್ಗ್‌ಮನ್ ಟ್ರಯಥ್ಲಾನ್ ಈ ನಗರದಲ್ಲಿಯೇ ನಡೆಯುತ್ತ ಬಂದಿದೆ. 2019ರ ಅಕ್ಟೋಬರ್ 20ರಂದು ಪಣಜಿಯಲ್ಲಿ ಭಾರತದ ಮೊದಲ ಐರನ್‌ಮ್ಯಾನ್ 70.3 ಸ್ಪರ್ಧೆ ಜರುಗಿದ ಮೇಲೆ, ಇಲ್ಲಿಯ ಹವ್ಯಾಸಿಗಳ ಕಣ್ಣು ಸಹಜವಾಗಿಯೇ ಗೋವಾದತ್ತ ಹೊರಳಿದೆ. 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಒಟ್ಟು 113 ಕಿ.ಮೀ. ಮೈಲಿಗಳಲ್ಲಿ ಎಣಿಸಿದರೆ 70.3 ಆಗುತ್ತದೆ, ಹೆಸರು ಬಂದದ್ದು ಅಲ್ಲಿಂದಲೇ. ಮುಗಿಸಲು ದೊರೆಯುವ ಅವಧಿ 8 ಗಂಟೆ 30 ನಿಮಿಷ.

ಮನೆಯಲ್ಲಿ ತಂದೆಯೋ, ಚಿಕ್ಕಪ್ಪನೋ, ಅಕ್ಕನೋ ಇಂಥ ಸ್ಪರ್ಧೆಗೆ ಹೆಸರು ಕೊಟ್ಟಿದ್ದರೆ, ಮಕ್ಕಳು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀರಿ?’ ಎಂಬುದು. ಈ ಪ್ರಶ್ನೆಗೆ ಕೊಲ್ಲಾಪುರದಲ್ಲಿ ಕುಳಿತು ಕೊಡುವ ಉತ್ತರ ಗೋವಾದಲ್ಲಿ ನಿಲ್ಲುವುದಿಲ್ಲ. ಏಕೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಲನೆಯಾಗುತ್ತದೆ; ಉಳಿದುದೆಲ್ಲ ಶಾಖ. ಈ ಶಾಖವನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಆದರೆ ದೇಹವನ್ನು ತಣಿಸುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. 1 ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಏನನ್ನೂ ಒಯ್ಯುವುದಿಲ್ಲ. ಇಚಲಕರಂಜಿಯ ಮಗ್ಗದ ಮನೆಗಳಲ್ಲಿ ದುಡಿಯುವವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ನೂಲು ಕಡಿಯದಿರಲೆಂದು ತೇವ ಕಾಯ್ದ ಕೋಣೆಯಲ್ಲಿ ಅಂಗಿ ಮೈಗಂಟಿದರೂ ಸೆಕೆ ಇಳಿಯದ ಅನುಭವ ಅವರಿಗಿದೆ. ಕರಾವಳಿಯ ಅಕ್ಟೋಬರ್ ಹೆಚ್ಚುಕಡಿಮೆ ಹಾಗೆಯೇ. ಗಡಹಿಂಗ್ಲಜದಿಂದ ಆಜರಾ, ಆಂಬೋಲಿ ಘಟ್ಟ ಇಳಿದು ಸಾವಂತವಾಡಿ ಮುಟ್ಟುವಷ್ಟರಲ್ಲಿ ಗಾಳಿಯೇ ಬೇರೆಯಾಗಿರುತ್ತದೆ.

ಇದರ ಹೊರೆ ಬೀಳುವುದು ಹೃದಯದ ಮೇಲೆ. ಅದು ಸ್ನಾಯುಗಳಿಗೂ ರಕ್ತ ಕಳುಹಿಸಬೇಕು, ಶಾಖ ಬಿಡಲು ಚರ್ಮಕ್ಕೂ ಕಳುಹಿಸಬೇಕು. ಬೆವರಿನಿಂದಾಗಿ ರಕ್ತದ ನೀರಿನಂಶವಾದರೋ ಕಡಿಮೆಯಾಗುತ್ತಿರುತ್ತದೆ. ಆದ್ದರಿಂದ ಅದೇ ವೇಗಕ್ಕೆ ನಾಡಿ ಹೆಚ್ಚು ಬಡಿಯುತ್ತದೆ. ಇದು ಮನೋಬಲದ ಕೊರತೆಯಲ್ಲ.

ವಿಶ್ವದ ಶ್ರೇಷ್ಠ ಓಟಗಾರ್ತಿಯರೂ ಇದಕ್ಕೆ ಹೊರತಲ್ಲ. 2019ರ ಸೆಪ್ಟೆಂಬರ್ 27ರಂದು ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ನಡುರಾತ್ರಿಯ ಹೊತ್ತಿಗೆ ಆರಂಭವಾಯಿತು. ಆಗಲೂ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಹೊರಟ 68 ಮಂದಿಯಲ್ಲಿ 28 ಮಂದಿ ನಡುವೆಯೇ ನಿಂತರು. ಗೆದ್ದ ಕೀನ್ಯಾದ ಓಟಗಾರ್ತಿ ತೆಗೆದುಕೊಂಡದ್ದು 2 ಗಂಟೆ 32 ನಿಮಿಷ 43 ಸೆಕೆಂಡ್. ಅದೇ ವರ್ಷದ ಜನವರಿಯಲ್ಲಿ ದುಬೈಯಲ್ಲಿ ಅವರು 2 ಗಂಟೆ 17 ನಿಮಿಷ 8 ಸೆಕೆಂಡ್‌ಗಳಲ್ಲಿ ಓಡಿದ್ದರು. ಹದಿನೈದು ನಿಮಿಷಗಳನ್ನು ಬಿಟ್ಟುಕೊಟ್ಟೇ ಅವರು ಚಿನ್ನ ಗೆದ್ದರು.

ಹಾಗಾದರೆ ಗುರಿಯನ್ನು ಎಲ್ಲಿ ಸಡಿಲಿಸಬೇಕು? ಒಂದು ಲೆಕ್ಕ ನೋಡೋಣ. ಒಬ್ಬರು ಈಜಿಗೆ 45 ನಿಮಿಷ, ಸೈಕಲ್‌ಗೆ 3 ಗಂಟೆ 15 ನಿಮಿಷ, ಓಟಕ್ಕೆ 2 ಗಂಟೆ 20 ನಿಮಿಷ, ಬಟ್ಟೆ ಬೂಟು ಬದಲಿಸಲು 10 ನಿಮಿಷ ಎಂದು ಒಟ್ಟು 6 ಗಂಟೆ 30 ನಿಮಿಷದ ಯೋಜನೆ ಹಾಕಿದ್ದಾರೆನ್ನಿ. ಬೆಳಿಗ್ಗೆ 7ಕ್ಕೆ ನೀರಿಗಿಳಿದರೆ ಓಟ ಮೊದಲಾಗುವುದು 11 ದಾಟಿದ ಮೇಲೆ, ಅಂದರೆ ನಡುಮಧ್ಯಾಹ್ನಕ್ಕೆ. ಈಜಿನ ವೇಳೆಯನ್ನು ಮುಟ್ಟಬೇಕಿಲ್ಲ. ಸೈಕಲ್‌ಗೆ 10 ನಿಮಿಷ, ಓಟಕ್ಕೆ 25 ನಿಮಿಷ, ಬದಲಾವಣೆಗೆ 5 ನಿಮಿಷ ಸೇರಿಸಿದರೆ 7 ಗಂಟೆ 10 ನಿಮಿಷವಾಗುತ್ತದೆ. ಇದು ಉದಾಹರಣೆ ಮಾತ್ರ. ಅಂಕಿಗಳು ಅವರವರ ದೇಹಕ್ಕೆ ತಕ್ಕಂತೆ ಬದಲಾಗುತ್ತವೆ. ಆದರೆ ಸೈಕಲ್‌ನ ಆ 10 ನಿಮಿಷವೇ ಎಲ್ಲಕ್ಕಿಂತ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಸವಾರಿಯಲ್ಲಿ ಎದುರುಗಾಳಿ ಬೆವರನ್ನು ಆರಿಸುವುದರಿಂದ ಸೆಕೆ ತಿಳಿಯದು, ವೇಗ ಹೆಚ್ಚುತ್ತದೆ. ಆ ಸಾಲವನ್ನು ಓಟದಲ್ಲಿ ಬಡ್ಡಿಸಮೇತ ತೀರಿಸಬೇಕಾಗುತ್ತದೆ.

ಈ ಹೊಸ ಗುರಿಯನ್ನು ಮನೆಯಲ್ಲಿಯೇ ಕಾಗದದ ಮೇಲೆ ಬರೆದಿಡುವುದು ಲೇಸು. ತಲೆ ಕಾದಾಗ ಮಾಡುವ ನಿರ್ಣಯ ಸರಿಯಿರುವುದು ಅಪರೂಪ, ಅಕ್ಷರಶಃ. ಗುರಿ ಮುಟ್ಟುವುದೆಂದರೆ ಕೆಲವೊಮ್ಮೆ ಗಡುವಿನೊಳಗೆ ಮುಗಿಸುವುದಷ್ಟೇ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದ ಸ್ಪರ್ಧೆಯನ್ನು 8 ಗಂಟೆ 27 ನಿಮಿಷ 32 ಸೆಕೆಂಡ್‌ಗಳಲ್ಲಿ ಪೂರೈಸಿದ್ದರು. ಗಡುವಿಗೆ ಉಳಿದಿದ್ದುದು ಎರಡೂವರೆ ನಿಮಿಷಕ್ಕೂ ಕಡಿಮೆ.

ಸಿದ್ಧತೆಯಿಂದ ಸ್ವಲ್ಪ ಮರಳಿ ಗಳಿಸಬಹುದು. ದೇಹ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ನಮ್ಮಲ್ಲಿ ಬಹುತೇಕರು ನಸುಕಿನ ತಂಪಿನಲ್ಲಿ ಅಭ್ಯಾಸ ಮಾಡುವವರು. ಕೊನೆಯ ಎರಡು ವಾರ, ಕೆಲವು ದಿನವಾದರೂ, ಬಿಸಿಲೇರಿದ ಮೇಲೆ ನಿಧಾನಗತಿಯಲ್ಲಿ, ಅವಧಿಯನ್ನು ಮೆಲ್ಲಗೆ ಹೆಚ್ಚಿಸುತ್ತ ಓಡಬೇಕು. ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿಕೊಂಡರೆ, 1 ಕಿಲೋ ಇಳಿಕೆ ಎಂದರೆ ಸರಿಸುಮಾರು 1 ಲೀಟರ್ ಬೆವರು. ಅದಕ್ಕಿಂತ ಹೆಚ್ಚು ನೀರು ಕುಡಿದು ತೂಕ ಏರಿಸಿಕೊಳ್ಳುವುದೂ ಅಪಾಯಕರ. ರಕ್ತದಲ್ಲಿ ಸೋಡಿಯಂ ಇಳಿದು ಪ್ರಜ್ಞೆ ತಪ್ಪಬಹುದು. ಮಧುಮೇಹ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕಂಡೇ ಹೆಸರು ಕೊಡಬೇಕು.

ದಾರಿಬದಿ ನಿಲ್ಲುವ ಮನೆಯವರಿಗೂ ಒಂದು ಕೆಲಸವಿದೆ. ನಿಮ್ಮವರು ತೂರಾಡುತ್ತಿದ್ದರೆ, ಅಸಂಬದ್ಧ ಮಾತಾಡುತ್ತಿದ್ದರೆ, ಕಾರಣವಿಲ್ಲದೆ ಸಿಡುಕುತ್ತಿದ್ದರೆ ‘ಇನ್ನು ಸ್ವಲ್ಪವೇ ಉಳಿದಿದೆ’ ಎಂದು ಹುರಿದುಂಬಿಸಬೇಡಿ. ಅದು ಉಷ್ಣಾಘಾತವಿರಬಹುದು. ಅಂಥ ಹೊತ್ತಿನಲ್ಲಿ ಬೆವರು ನಿಂತಿರಲೇಬೇಕೆಂದಿಲ್ಲ. ಕೂಡಲೇ ಓಟ ನಿಲ್ಲಿಸಿ, ನೆರಳಿಗೆ ಒಯ್ದು, ಸಮೀಪದ ವೈದ್ಯಕೀಯ ತಂಡವನ್ನು ಕೂಗಿ ಕರೆದು 108ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಕಾಯದೆ ಮೈಮೇಲೆಲ್ಲ ತಣ್ಣೀರು ಸುರಿಯುತ್ತ, ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಒತ್ತಿ, ಗಾಳಿ ಬೀಸುತ್ತಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.