ಗಾಜಿಗೆ ಬಿದ್ದ ಹನಿಯ ಲೆಕ್ಕ

ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲಿ ಶಿರಾಡಿ ಘಾಟಿಯನ್ನೋ ಚಾರ್ಮಾಡಿ ಘಾಟಿಯನ್ನೋ ಇಳಿದವರಿಗೆ ಗೊತ್ತು: ಒಂದು ತಿರುವಿನಲ್ಲಿ ತುಂತುರು, ಮುಂದಿನ ತಿರುವಿನಲ್ಲಿ ಧೋ ಎಂದು ಸುರಿವ ಮಳೆ, ಅದರಾಚೆ ಬರೀ ಮಂಜು. ಗೇರು ಬದಲಿಸಬೇಕು, ಎದುರು ಬರುವ ಲಾರಿಗೆ ಜಾಗ ಬಿಡಬೇಕು, ನಡುವೆ ವೈಪರ್‌ನ ವೇಗವನ್ನೂ ಏರಿಸಿ ಇಳಿಸುತ್ತಿರಬೇಕು. ಈ ಕೊನೆಯ ಕೆಲಸವನ್ನು ಚಾಲಕರ ಕೈಯಿಂದ ಬಿಡಿಸಿದ್ದು ಮಳೆ ಗುರುತಿಸುವ ಸ್ವಯಂಚಾಲಿತ ವೈಪರ್. ಒಂದು ಕಾಲಕ್ಕೆ ದುಬಾರಿ ಕಾರುಗಳಲ್ಲಷ್ಟೇ ಇದ್ದ ಸೌಲಭ್ಯ ಈಗ ಮಧ್ಯಮ ಬೆಲೆಯ ಕಾರುಗಳಿಗೂ ಬಂದಿದೆ. ಅದು ಏನನ್ನು ಅಳೆಯುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿದು ಬಳಸಿದರೆ ಮಾತ್ರ ಅದರಿಂದ ಪೂರ್ತಿ ಪ್ರಯೋಜನ.

ಬಿಡುವಿನ ಮಹತ್ವ

ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ 1903ರಲ್ಲಿ ವೈಪರ್‌ಗೆ ಪೇಟೆಂಟ್ ಪಡೆದರು. ವಾಹನದೊಳಗೆ ಕುಳಿತು ಕೈಯಿಂದ ಸನ್ನೆ ತಿರುಗಿಸಿ ಗಾಜು ಒರೆಸುವ ಸಾಧನ ಅದು. ಮುಂದೆ ವಿದ್ಯುತ್ ಮೋಟಾರ್ ಬಂದಿತು. ಜರ್ಮನಿಯ ಬಾಷ್ 1926ರಲ್ಲೇ ಅಂಥ ವೈಪರ್ ಹೊರತಂದಿತು. ಆದರೂ ಒಂದು ತೊಡಕು ಉಳಿದೇ ಇತ್ತು. ವೈಪರ್ ಓಡಿದರೆ ಓಡುತ್ತಲೇ ಇರಬೇಕು. ಸೋನೆ ಮಳೆಯಲ್ಲಿ ರಬ್ಬರು ಅರೆ ಒಣಗಿದ ಗಾಜಿನ ಮೇಲೆ ಕಿರುಗುಟ್ಟುತ್ತಾ ಸವೆಯುತ್ತಿತ್ತು.

ಡೆಟ್ರಾಯಿಟ್‌ನ ಎಂಜಿನಿಯರ್ ರಾಬರ್ಟ್ ಕೀರ್ನ್ಸ್ ಇದಕ್ಕೆ ಉತ್ತರ ಕಂಡದ್ದು ಕಣ್ಣಿನಲ್ಲಿ. ಮದುವೆಯ ರಾತ್ರಿ ಷಾಂಪೇನ್ ಬಾಟಲಿಯ ಬಿರಡೆ ಸಿಡಿದು ಅವರ ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು. ರೆಪ್ಪೆ ಸದಾ ಬಡಿಯುವುದಿಲ್ಲ, ಬಿಡುವು ಕೊಟ್ಟು ಬಡಿಯುತ್ತದೆ; ವೈಪರ್ ಕೂಡ ಹಾಗೇಕೆ ಇರಬಾರದು ಎಂದು ಅವರು ಯೋಚಿಸಿದರು. ಟ್ರಾನ್ಸಿಸ್ಟರ್, ಕೆಪಾಸಿಟರ್, ಹೆಚ್ಚು ಕಡಿಮೆ ಮಾಡಬಲ್ಲ ರೆಸಿಸ್ಟರ್, ಇಷ್ಟನ್ನು ಸೇರಿಸಿ ಸರ್ಕ್ಯೂಟ್ ಕಟ್ಟಿದರು. ಕೆಪಾಸಿಟರ್ ತುಂಬಲು ಹಿಡಿಯುವ ಹೊತ್ತೇ ಎರಡು ಒರೆತಗಳ ನಡುವಿನ ಬಿಡುವು. 1964ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು.

ಕಾರು ಕಂಪನಿಗಳು ಅಂಥದೇ ವೈಪರ್ ಮಾರಲು ತೊಡಗಿದಾಗ ಕೀರ್ನ್ಸ್ 1978ರಲ್ಲಿ ಫೋರ್ಡ್ ಮೇಲೆ, 1982ರಲ್ಲಿ ಕ್ರೈಸ್ಲರ್ ಮೇಲೆ ದಾವೆ ಹೂಡಿದರು. ಬಿಡಿಭಾಗಗಳೆಲ್ಲ ಹಳೆಯವೇ, ಇದರಲ್ಲಿ ಹೊಸತೇನಿದೆ ಎಂಬುದು ಎದುರು ಪಕ್ಷದ ವಾದ. ಅವುಗಳ ಜೋಡಣೆಯೇ ಹೊಸತು ಎಂಬುದು ಕೀರ್ನ್ಸ್ ಪಟ್ಟು. 1990ರಲ್ಲಿ ಫೋರ್ಡ್ 1.02 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕ್ರೈಸ್ಲರ್ ಬಡ್ಡಿ ಸೇರಿ ಸುಮಾರು 3 ಕೋಟಿ ಡಾಲರ್ ತೆರಬೇಕಾಯಿತು. ಒಬ್ಬ ಮನುಷ್ಯನ ಅರ್ಧ ಆಯುಷ್ಯ ಈ ಹೋರಾಟಕ್ಕೇ ಸಂದಿತು. ಇಂದಿನ ಪ್ರತಿ ಸ್ವಯಂಚಾಲಿತ ವೈಪರ್‌ನ ಹಿಂದೆ ಅವರ ಆ ಬಿಡುವಿನ ಕಲ್ಪನೆಯಿದೆ.

ಆದರೆ ಬಿಡುವು ಎಷ್ಟಿರಬೇಕು ಎಂಬುದನ್ನು ಆಗಲೂ ಚಾಲಕರೇ ಗುಂಡಿ ತಿರುಗಿಸಿ ಹೇಳಬೇಕಿತ್ತು. 1970ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಎಸ್‌ಎಂ ಕಾರು ಇದಕ್ಕೊಂದು ಜಾಣ ಉಪಾಯ ಹೂಡಿತು. ಒಣಗಾಜಿನ ಮೇಲೆ ವೈಪರ್ ಹೆಚ್ಚು ಉಜ್ಜುತ್ತದೆ, ಮೋಟಾರ್ ಹೆಚ್ಚು ವಿದ್ಯುತ್ ಎಳೆಯುತ್ತದೆ. ಒದ್ದೆ ಗಾಜಿನ ಮೇಲೆ ಸಲೀಸಾಗಿ ಜಾರುತ್ತದೆ. ಆ ವಿದ್ಯುತ್ತನ್ನೇ ಅಳೆದು ಬಿಡುವನ್ನು ನಿರ್ಧರಿಸಿದರು.

ಸೋರಿಹೋಗುವ ಬೆಳಕು

ಈಗಿನ ಬಹುತೇಕ ಕಾರುಗಳು ಹಿಡಿದಿರುವುದು ಬೆಳಕಿನ ದಾರಿ. ಒಳಗನ್ನಡಿಯ ಹಿಂದೆ, ಮುಂಗಾಜಿಗೆ ಒಳಗಿನಿಂದ ಅಂಟಿಕೊಂಡ ಪುಟ್ಟ ಕಪ್ಪು ಪೆಟ್ಟಿಗೆಯೇ ಸೆನ್ಸರ್. ಅದರೊಳಗಿನ ಎಲ್‌ಇಡಿ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಗಾಜಿನೊಳಕ್ಕೆ ಹಾಯಿಸುತ್ತದೆ. ಗಾಜಿನ ಹೊರಮೈ ಒಣಗಿದ್ದರೆ, ಅಂದರೆ ಆಚೆ ಗಾಳಿಯಷ್ಟೇ ಇದ್ದರೆ, 42 ಡಿಗ್ರಿ ದಾಟಿದ ಕಿರಣ ಹೊರಹೋಗಲಾರದು. ಪೂರ್ತಿ ಒಳಕ್ಕೇ ಮರಳುತ್ತದೆ. ಹೈಸ್ಕೂಲಿನ ವಿಜ್ಞಾನದಲ್ಲಿ ಓದಿದ ಸಂಪೂರ್ಣ ಆಂತರಿಕ ಪ್ರತಿಫಲನ ಇದೇ.

ಹನಿ ಬಿದ್ದಲ್ಲಿ ಈ ಲೆಕ್ಕ ಬದಲಾಗುತ್ತದೆ. ಗಾಜಿನಿಂದ ನೀರಿಗೆ ಹೋಗುವ ಕಿರಣಕ್ಕೆ ಆ ಮಿತಿ 60 ಡಿಗ್ರಿಗೂ ಹೆಚ್ಚು. ಆದ್ದರಿಂದ 45 ಡಿಗ್ರಿಯಲ್ಲಿ ಬಂದ ಬೆಳಕು ಹನಿಯ ಮೂಲಕ ಹೊರಗೆ ಸೋರುತ್ತದೆ. ಮರಳಿ ಬರುವ ಬೆಳಕನ್ನು ಕಾಯುತ್ತಿರುವ ಫೋಟೊಡಯೋಡ್‌ಗೆ ಅಷ್ಟು ಕಡಿಮೆ ತಲುಪುತ್ತದೆ. ಕೊರತೆ ಎಷ್ಟು, ಒರೆಸಿದ ಮೇಲೆ ಮತ್ತೆ ಎಷ್ಟು ಬೇಗ ಕೊರತೆ ಕಾಣಿಸಿತು ಎಂಬುದರಿಂದ ಮಳೆಯ ಬಿರುಸನ್ನು ಅಂದಾಜಿಸಿ, ವೈಪರ್ ಮೋಟಾರ್‌ಗೆ ಆಜ್ಞೆ ಹೋಗುತ್ತದೆ. ಲಾರಿಯೊಂದು ಗುಂಡಿಯ ನೀರನ್ನು ರಪ್ಪನೆ ಎರಚಿದರೂ ನಮ್ಮ ಕೈ ಸ್ಟೀರಿಂಗ್ ಪಕ್ಕದ ವೈಪರ್ ಕಡ್ಡಿಗೆ ತಲುಪುವ ಮೊದಲೇ ಗಾಜು ಒರೆಸಿ ಆಗಿರುತ್ತದೆ. ಟೆಸ್ಲಾದಂಥ ಕಂಪನಿ ಪ್ರತ್ಯೇಕ ಸೆನ್ಸರ್ ಬಿಟ್ಟು ಕ್ಯಾಮೆರಾದ ಚಿತ್ರದಿಂದಲೇ ಹನಿ ಗುರುತಿಸುವ ದಾರಿ ಹಿಡಿದಿದೆ.

ಎಡವುವುದು ಎಲ್ಲಿ?

ಈ ಸೆನ್ಸರ್‌ಗೆ ಮಳೆ ಗೊತ್ತಿಲ್ಲ. ಗೊತ್ತಿರುವುದು ಕಡಿಮೆಯಾದ ಬೆಳಕು ಮಾತ್ರ, ಅದೂ ಗಾಜಿನ ಒಂದು ಪುಟ್ಟ ತುಣುಕಿನಲ್ಲಿ. ಅಲ್ಲಿ ಹಕ್ಕಿಯ ಹಿಕ್ಕೆ, ಅಪ್ಪಳಿಸಿದ ಹುಳು, ಎಣ್ಣೆ ಜಿಡ್ಡು ಅಂಟಿದರೂ ಅದು ಮಳೆಯೆಂದೇ ಬಗೆಯಬಹುದು. ಧೂಳು ಕವಿದ ಒಣಗಾಜಿನ ಮೇಲೆ ವೈಪರ್ ತಾನಾಗಿ ಓಡಿದರೆ ಗಾಜಿಗೆ ಗೀರು ಖಚಿತ. ಸವೆದ ರಬ್ಬರು ಗಾಜಿನ ಮೇಲೆ ನೀರಿನ ಪೊರೆ ಉಳಿಸಿದರೆ, ಸೆನ್ಸರ್ ಆ ಪೊರೆಯನ್ನೂ ಮಳೆಯೆಂದು ಎಣಿಸಿ ಮತ್ತೆ ಮತ್ತೆ ಒರೆಸುತ್ತದೆ. ಎಲೆಕ್ಟ್ರಾನಿಕ್ಸ್ ಎಷ್ಟೇ ಚುರುಕಾಗಿದ್ದರೂ ಗಾಜು ಶುಚಿಯಾಗುವುದು ರಬ್ಬರಿನಿಂದಲೇ.

ಮುಂಗಾಜು ಒಡೆದು ಹೊಸದು ಹಾಕಿಸುವಾಗಲೂ ಎಚ್ಚರ ಬೇಕು. ಸೆನ್ಸರ್ ಮತ್ತು ಗಾಜಿನ ನಡುವೆ ಪಾರದರ್ಶಕ ಜೆಲ್ ಪಟ್ಟಿಯಿರುತ್ತದೆ. ಅದರಲ್ಲಿ ಗಾಳಿಗುಳ್ಳೆ ಸೇರಿದರೆ ಬೆಳಕಿನ ದಾರಿಯೇ ತಪ್ಪುತ್ತದೆ. ಸೆನ್ಸರ್ ಇರುವ ಮಾದರಿಗೆ ಹೊಂದುವ ಗಾಜನ್ನೇ ಕೇಳಿ ಹಾಕಿಸಿ, ಕಾರು ಒಯ್ಯುವ ಮುನ್ನ ನೀರು ಚಿಮುಕಿಸಿ ಪರೀಕ್ಷಿಸಿ.

ಉಳಿದದ್ದು ಸುಲಭ. ಕಾರು ತೊಳೆಸುವಾಗ, ಗಾಜು ಒರೆಸುವಾಗ ಆಟೊ ಸ್ಥಾನದಿಂದ ಕಡ್ಡಿ ತೆಗೆಯಿರಿ. ಬೇಸಿಗೆಯ ಧೂಳಿನಲ್ಲೂ ಅದನ್ನು ಆಫ್ ಮಾಡಿಡಿ. ಮುಂಗಾರಿಗೆ ಮುನ್ನ ರಬ್ಬರು ನೋಡಿ, ಗಟ್ಟಿಯಾಗಿದ್ದರೆ ಬದಲಿಸಿ. ಘಾಟಿಯಲ್ಲಿ ನೋಟ ಮಸುಕಾದರೆ ಸೆನ್ಸರ್‌ಗೆ ಕಾಯದೆ ನೀವೇ ವೇಗ ಹೆಚ್ಚಿಸಿ, ಆಗಲೂ ದಾರಿ ಕಾಣದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ವೈಪರ್‌ನ ಕೆಲಸವನ್ನು ಯಂತ್ರಕ್ಕೆ ಬಿಡಬಹುದು, ರಸ್ತೆ ಕಾಣುತ್ತಿದೆಯೇ ಎಂದು ತೀರ್ಮಾನಿಸುವ ಹೊಣೆ ಸ್ಟೀರಿಂಗ್ ಹಿಡಿದವರದೇ.