ಏಳು ತಳಿ, ಏಳು ತಾಕು

ದೊಡ್ಡಬಳ್ಳಾಪುರದ ಸುತ್ತಣ ಕೆಂಪು ನೆಲದಲ್ಲಿ ರಾಗಿ ಬಿತ್ತುವ ರೈತನಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಹೊಲ ಒಂದೇ ಆದರೂ ಮಣ್ಣು ಒಂದೇ ಅಲ್ಲ. ತಗ್ಗಿನಲ್ಲಿ ತೇವ ನಿಲ್ಲುತ್ತದೆ. ದಿಣ್ಣೆಯಲ್ಲಿ ಕಲ್ಲು ಮೇಲೇಳುತ್ತದೆ. ಹೀಗಿರುವಾಗ ಏಳು ತಳಿಗಳಲ್ಲಿ ಯಾವುದು ಮೇಲೆಂದು ತೀರ್ಮಾನಿಸುವುದು ಹೇಗೆ? ತಗ್ಗಿನಲ್ಲಿ ಬಿತ್ತಿದ ತಳಿ ಗೆದ್ದರೆ ಆ ಗೆಲುವು ಬೀಜದ್ದೋ, ಮಣ್ಣಿನದೋ? ತಪ್ಪು ತೀರ್ಪನ್ನು ನಂಬಿ ಬೀಜ ಕೊಂಡವನು ಒಂದು ವರ್ಷದ ಅನ್ನವನ್ನೇ ಕಳೆದುಕೊಂಡಾನು.

ಒಂದೊಂದು ತಾಕಿನಲ್ಲಿಯೂ ಏಳು ತಳಿಗಳನ್ನು ಬಿತ್ತಿದರಾಯಿತು ಎನ್ನಬಹುದು. ಆದರೆ ತಾಕು ದೊಡ್ಡದಾದಷ್ಟೂ ಅದರೊಳಗೇ ಮಣ್ಣು ಬದಲಾಗುತ್ತದೆ. ಮೂರು ಮಡಿಗಳಷ್ಟೇ ಸಮನಾದ ನೆಲ ದೊರೆಯುವಲ್ಲಿ ತಳಿಗಳಿಗೆ ಅಂಕಿಗಳನ್ನಿತ್ತು ಹೀಗೆ ಹಂಚಬಹುದು:

೧-೨-೪, ೨-೩-೫, ೩-೪-೬, ೪-೫-೭, ೫-೬-೧, ೬-೭-೨, ೭-೧-೩.

ಪ್ರತಿ ತಳಿಗೂ ಮೂರು ಮಡಿ. ಯಾವ ಎರಡು ತಳಿಗಳನ್ನು ಆರಿಸಿಕೊಂಡರೂ ಅವು ಒಂದೇ ಒಂದು ತಾಕಿನಲ್ಲಿ ಎದುರುಬದುರಾಗುತ್ತವೆ; ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಯಾವ ತಂಡ ಯಾವ ನೆಲಕ್ಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದ ಫ್ರಾಂಕ್ ಯೇಟ್ಸ್ ೧೯೩೬ರಲ್ಲಿ ಈ ಬಗೆಯ ವಿನ್ಯಾಸಗಳನ್ನು ಪ್ರಯೋಗಗಳಿಗೆ ಸೂಚಿಸಿದರು. ಅವನ್ನು ಕಟ್ಟುವ ಕ್ರಮಬದ್ಧ ವಿಧಾನಗಳನ್ನು ೧೯೩೯ರಲ್ಲಿ ಪ್ರಕಟಿಸಿದವರು ಕಲ್ಕತ್ತೆಯ ರಾಜಚಂದ್ರ ಬೋಸ್. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ೧೯೪೭ರಲ್ಲಿ, ಬೀಜ, ಗೊಬ್ಬರ, ನೀರು ಮುಂತಾದ ಹಲವು ಅಂಶಗಳನ್ನು ಒಟ್ಟಿಗೆ ಪರೀಕ್ಷಿಸಲು ನೆರವಾಗುವ ಲಂಬ ಸರಣಿಗಳನ್ನು ಕೊಟ್ಟರು.

ಬೋಸರ ವಿಧಾನದ ಗುಟ್ಟು ಸಮಮಿತಿಯಲ್ಲಿದೆ. ಮೊದಲ ತಂಡದ ಪ್ರತಿ ಅಂಕಿಗೂ ಒಂದನ್ನು ಕೂಡಿಸಿದರೆ ಎರಡನೆಯ ತಂಡ. ಏಳರ ಮುಂದೆ ಮತ್ತೆ ಒಂದು. ಒಂದು ತಂಡ ಗೊತ್ತಾದರೆ ಉಳಿದ ಆರು ತಾವಾಗಿಯೇ ಹುಟ್ಟುತ್ತವೆ. ಏಳು ಅಂಕಿಗಳನ್ನು ೫,೦೪೦ ಬಗೆಯಲ್ಲಿ ಅದಲುಬದಲು ಮಾಡಬಹುದು. ಅವುಗಳಲ್ಲಿ ೧೬೮ ಈ ಪಟ್ಟಿಯನ್ನು ಇದ್ದಂತೆಯೇ ಉಳಿಸುತ್ತವೆ. ಈ ೧೬೮ನ್ನೂ ಒಟ್ಟಾಗಿ ಗಣಿತಜ್ಞರು ವಿನ್ಯಾಸದ ಆಟೋಮಾರ್ಫಿಸಂ ಗುಂಪು ಎನ್ನುತ್ತಾರೆ.

ಹಾಗಾದರೆ ಸಮಮಿತಿಯಿಲ್ಲದೆ ಸಮನ್ಯಾಯವಿಲ್ಲವೇ? ಉಂಟು. ತಳಿಗಳು ಹದಿನೈದಾದರೆ, ಮೂರು ಮೂರರ ೩೫ ತಂಡಗಳು ಬೇಕು. ಹೆಸರಿನ ಬದಲಾವಣೆಯನ್ನು ಬಿಟ್ಟರೂ ನಿಜವಾಗಿ ಭಿನ್ನವಾದ ೮೦ ಪಟ್ಟಿಗಳಿವೆಯೆಂದು ವೈಟ್, ಕೋಲ್ ಮತ್ತು ಲೂಯಿಸ್ ಕಮಿಂಗ್ಸ್ ೧೯೧೯ರಲ್ಲಿಯೇ ಕೈಯಿಂದ ಎಣಿಸಿ ತೋರಿಸಿದರು. ೧೯೫೫ರಲ್ಲಿ ಗಣಕಯಂತ್ರ ಅದನ್ನೇ ಒಪ್ಪಿತು. ಆ ೮೦ರಲ್ಲಿ ಒಂದಕ್ಕೆ ೨೦,೧೬೦ ಅದಲುಬದಲುಗಳ ವೈಭವ. ೩೬ಕ್ಕೆ ಇದ್ದಲ್ಲೇ ಇರುವುದನ್ನು ಬಿಟ್ಟರೆ ಒಂದೂ ಇಲ್ಲ. ಆದರೂ ಎರಡೆರಡು ತಳಿಗಳು ಒಮ್ಮೆ ಸಂಧಿಸುವ ನಿಯಮ ಎಲ್ಲದರಲ್ಲಿಯೂ ಒಂದೇ.

ಸಮಮಿತಿ ವಿನ್ಯಾಸ ಕಟ್ಟುವವನ ಊರುಗೋಲು. ಹೊಲಕ್ಕೆ ಬೇಕಾದುದು ನ್ಯಾಯ. ಪಟ್ಟಿಯ ಅಂದ ರಾಗಿಯ ಪೈರಿಗೆ ಕಾಣದು. ತನ್ನ ಪಕ್ಕದ ಮಡಿಯಲ್ಲಿ ತಕ್ಕ ಎದುರಾಳಿ ನಿಂತಿದ್ದರೆ ಅದಕ್ಕೆ ಅಷ್ಟೇ ಸಾಕು.