ಪಿಂಛಿಯ ಗರಿ ಎಲ್ಲಿಂದ ಬಂತು?

ಚಾತುರ್ಮಾಸ ಮುಗಿದು ಪಿಂಛಿ ಪರಿವರ್ತನೆಯ ದಿನ ಬಂದರೆ ನಮ್ಮ ಸಮಾಜಕ್ಕೆ ಸಂಭ್ರಮ. ಜೀವರಕ್ಷೆಯ ಆ ಉಪಕರಣಕ್ಕೆ ನವಿಲು ತಾನೇ ಉದುರಿಸಿದ ಗರಿಯೇ ಆಗಬೇಕು. ಈ ಸಲ ಗರಿ ತರುವ ಪಾಳಿ ನನ್ನದು. ಕಟ್ಟು ಬಿಚ್ಚುತ್ತಲೇ ಮೊಮ್ಮಗಳು, "ಅಜ್ಜಾ, ಇವು ಉದುರಿದ ಗರಿನೋ, ಕಿತ್ತದ್ದೋ? ಅಂಗಡಿಯವರಿಗೆ ಕೇಳೀರೇನು?" ಎಂದಳು. ನಲವತ್ತು ವರ್ಷ ವ್ಯಾಪಾರ ಮಾಡಿದ ನಾನು ನಿರುತ್ತರನಾದೆ.

ಕಾನೂನು ಓದುತ್ತಿರುವ ಆಕೆ, ಪರಿಸರ ಅಪರಾಧ ತಡೆಯುವ ನೀತಿಯನ್ನು ಅಭ್ಯಸಿಸುವ ಸಂಸ್ಥೆಯೊಂದರಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿ ಬಂದಿದ್ದಳು. ಕಳ್ಳಬೇಟೆಗಾರರ ಬೆನ್ನು ಹತ್ತುವ ಕೆಲಸವಲ್ಲ ಅದು. ಕಾಯಿದೆ, ಕೋರ್ಟಿನ ತೀರ್ಪುಗಳನ್ನು ಓದಿ, ಕಳ್ಳರು ನುಸುಳುವ ಸಂದಿ ಎಲ್ಲಿದೆ, ಮುಚ್ಚುವುದು ಹೇಗೆ ಎಂದು ಬರೆದುಕೊಡುವುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ನವಿಲು ಮೊದಲನೆಯ ಅನುಸೂಚಿಯಲ್ಲಿದೆ. ಅದರ ಹತ್ಯೆಗೆ 3ರಿಂದ 7 ವರ್ಷ ಸೆರೆ. 2022ರ ತಿದ್ದುಪಡಿಯಂತೆ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಆದರೆ ಬಾಲದ ಗರಿಯ ಒಳನಾಡಿನ ವ್ಯಾಪಾರಕ್ಕೆ ವಿನಾಯಿತಿ ಇದೆ. ಕೊಂದು ಕಿತ್ತ ಗರಿಯೂ ಇದೇ ಬಾಗಿಲಿನಿಂದ ಪೇಟೆಗೆ ಬರಬಹುದು. ಕಿತ್ತ ಗರಿಯ ಬುಡದಲ್ಲಿ ರಕ್ತದ ಕಲೆ ಉಳಿಯುವುದುಂಟು. ಬುಡ ಕತ್ತರಿಸಿದರೆ ಆ ಸಾಕ್ಷಿಯೂ ಹೋಯಿತು.

ವಿನಾಯಿತಿ ತೆಗೆದರೆ ಪಿಂಛಿಗೆ ತೊಡಕು, ಉಳಿಸಿದರೆ ನವಿಲಿಗೆ ಅಪಾಯ. ನಡುವಿನ ದಾರಿ ಹುಡುಕುವುದೇ ಆಕೆ ಕಲಿತ ವಿದ್ಯೆ. ನಾವು ಮಾಡಬೇಕಾದದ್ದು ಇಷ್ಟೇ: ಬುಡ ಕತ್ತರಿಸಿದ ಗರಿ ಕೊಳ್ಳಬಾರದು, ಎಲ್ಲಿಂದ ತಂದಿರಿ ಎಂದು ಕೇಳದೆ ಹಣ ಎಣಿಸಬಾರದು. ಗಿರಾಕಿ ಕೇಳತೊಡಗಿದರೆ ಅಂಗಡಿಯವ ಎಚ್ಚರವಾಗುತ್ತಾನೆ. ಇದು ನನ್ನ ಗಲ್ಲೆಯ ಅನುಭವ. ಮಕ್ಕಳು ಇಂಥ ಕೆಲಸಕ್ಕೆ ಹೊರಟರೆ ತಡೆಯಬೇಡಿರಿ. ಅದೂ ಅಹಿಂಸೆಯ ಸೇವೆಯೇ.